ಬರೆದುಕೊಡಿ

ಇಪ್ಪತ್ತೆಂಟು ವರ್ಷ ನಾನು ಭದ್ರಾವತಿಯ ಕಾರ್ಖಾನೆಯಲ್ಲಿ
ತೂಕದ ಮನೆ ಕಾಯ್ದವನು.
ಲಾರಿ ತುಂಬಿ ಬಂದಾಗೊಂದು ತೂಕ, ಖಾಲಿ ಹೊರಟಾಗೊಂದು;
ಇದರಲ್ಲಿ ಅದನ್ನು ಕಳೆದರೆ ಮಾಲು.
ಕಿವಿ ಅಲ್ಲೇ ಸವೆಯಿತು, ಪಕ್ಕದ ರೋಲಿಂಗ್ ಮಿಲ್ಲಿನ ಸದ್ದಿಗೆ.

ಶಿವಮೊಗ್ಗದ ನೆಹರೂ ರಸ್ತೆಯವನು ಯಂತ್ರ ಕೊಟ್ಟ,
ಹದಿನೆಂಟು ಸಾವಿರದ ಐನೂರು.
ಬಿಲ್ಲು ಕೇಳಿದೆ. ಏನೋ ಅಂದ.
ಕೇಳಿಸಿದವನಂತೆ ತಲೆಯಾಡಿಸಿದೆ,
ಕಿವುಡರಿಗೆಲ್ಲ ಇರುವ ಚಾಳಿ.
ಸಿಕ್ಕಿದ್ದು ಬಿಳಿ ಚೀಟಿ, ಒಂದು ರಬ್ಬರ್ ಸೀಲು.

ಕಿವಿಯೊಳಗೆ ಜೀರುಂಡೆ ಹೊಕ್ಕಂತೆ ಕುಂಯ್ ಅನ್ನುತ್ತಿತ್ತು.
ಒಂದು ರಾತ್ರಿ ಗುಂಡುಸೂಜಿಯಲ್ಲಿ ಕೆದಕಿ ನೋಡಿದೆ:
ಒಣಗಿದ ಗುಗ್ಗೆ.
ನನ್ನದಲ್ಲ. ಯಾರದೋ.

ಅದೇ ವಾರ ಮೆಗ್ಗಾನ್ ಆಸ್ಪತ್ರೆಯಲ್ಲಿ ತಂಗಮಣಿ
ಮೂರು ದಿನ ಮೆಲ್ಲಗೆ ಮಾತಾಡಿದಳು.
ನಾನು ಹೂಂ ಅಂದೆ. ಎಲ್ಲದಕ್ಕೂ ಹೂಂ.
ಒಂದು ಸಲ ನಕ್ಕಳು; ಒಂದು ಸಲ
ಮುಖ ಗೋಡೆಗೆ ತಿರುಗಿಸಿದಳು.
ಯಾವುದಕ್ಕೆ ಹೂಂ ಅಂದೆನೋ.

ದೂರಿನಲ್ಲಿ ಇದನ್ನೂ ಬರೆದಿದ್ದೆ, ಆರನೇ ಪ್ಯಾರಾ.
ವಕೀಲೆ ಫಿಲೋಮಿನಾ ಕನ್ನಡಕ ತೆಗೆದರು, ಒರೆಸಿದರು,
ಅಡ್ಡಗೆರೆ ಎಳೆದು ಅಂಚಿನಲ್ಲಿ ಬರೆದರು:
ಸಾಕ್ಷಿ?

ಸಾಕ್ಷಿ ಹೇಳಿದ್ದು ಯಂತ್ರದ ನಂಬರು.
ನಾಲ್ಕು ವರ್ಷದ ಹಿಂದೆ ಹರಿಹರದಲ್ಲಿ ಮಾರಿದ್ದು,
ಕೆಟ್ಟು ವಾಪಸು ಬಂದದ್ದು,
ನನಗಾಗಿ ಮತ್ತೆ ಹೊಸದಾದದ್ದು.
ಹದಿನಾಲ್ಕು ವಾಯಿದೆ. ಬಸ್ ಟಿಕೆಟುಗಳಿಗೆ
ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ.

ಆಯೋಗದ ಆದೇಶ: ಬೆಲೆ ಪೂರ್ತಿ, ಒಂಬತ್ತು ಪರ್ಸೆಂಟು ಬಡ್ಡಿ,
ಮಾನಸಿಕ ಯಾತನೆಗೆ ಹತ್ತು ಸಾವಿರ, ಖರ್ಚಿಗೆ ಐದು.
ಹಳೇ ರೂಢಿ, ತುಂಬಿದ್ದರಲ್ಲಿ ಖಾಲಿ ಕಳೆದು ನೋಡಿದೆ.
ಮುಳ್ಳು ನಿಲ್ಲಲಿಲ್ಲ.

ಆದರೂ ಡಿಡಿ ತೆಗೆದುಕೊಂಡೆ. ಯಾಕೆ ಬಿಡಲಿ?
ಆ ಹರಿಹರದವನಿಗೂ ಒಂದು ಕಾರ್ಡು ಹಾಕಿದ್ದೇನೆ.

ಬಾಗಿಲಲ್ಲಿ ಅಂಗಡಿಯವನು ನನ್ನ ಕೈ ಹಿಡಿದು ಏನೋ ಅಂದ.
ತುಟಿ ಒಂದು ಸಲ ಕೂಡಿತು.
ಕ್ಷಮೆಗೂ ಕೂಡುತ್ತದೆ, ಶಾಪಕ್ಕೂ.
ತಲೆ ತಾನಾಗಿ ಅಲ್ಲಾಡಲು ಹೊರಟಿತು; ತಡೆದೆ.
ಜೇಬಿನಿಂದ ಪೆನ್ನು ತೆಗೆದು,
ಬಂದ ಬಸ್ಸಿನ ಟಿಕೆಟಿನ ಬೆನ್ನು ಮುಂದೆ ಹಿಡಿದು
ಅಂದೆ:
ಬರೆದುಕೊಡಿ.