ಸೀಟಿ, ಸೀಟು

ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.
ಇಪ್ಪತ್ತಾರು ವರ್ಷ ಇಷ್ಟೇ ನನ್ನ ವ್ಯಾಕರಣ.
ಸ್ಟೇಟ್‌ಬ್ಯಾಂಕಿನಿಂದ ಉಳ್ಳಾಲ, ಉಳ್ಳಾಲದಿಂದ ಸ್ಟೇಟ್‌ಬ್ಯಾಂಕ್,
ಫುಟ್‌ಬೋರ್ಡಿನಲ್ಲಿ ಒಂದು ಕಾಲು, ಗಾಳಿಯಲ್ಲಿ ಇನ್ನೊಂದು.

ಮಲ ಡಾಮರಿನಂತೆ ಕಪ್ಪಾದ ಮೇಲೆ ಗೊತ್ತಾದದ್ದು,
ಜಠರದ ಗೋಡೆಗೆ ಮುಷ್ಟಿಯಷ್ಟು ಗಡ್ಡೆ.
ಡಾಕ್ಟರ್ ರೆಬೆಲ್ಲೊ ರಿಪೋರ್ಟಿನ ಬೆನ್ನಿಗೆ
ಒಂದು ಜೀವಕೋಶ ಬರೆದರು, ಅದರ ಬಾಗಿಲಲ್ಲಿ ಒಂದು ಕಡ್ಡಿ.
"ಹೊರಗಿನಿಂದ ಸುದ್ದಿ ಬಂದರೆ ಮಾತ್ರ
ಇದು ಒಳಗೆ ಹೇಳಬೇಕು, ಬೆಳೆ ಅಂತ.
ನಿಮ್ಮಲ್ಲಿ ಯಾರೂ ಹೇಳದೆ ಹೇಳುತ್ತಾ ಉಂಟು."

"ಅಂದರೆ ಕಂಡಕ್ಟರ್ ಇಳಿದುಹೋದ ಮೇಲೂ
ಸೀಟಿ ಊದುತ್ತಲೇ ಉಂಟು,
ರೈಟ್ ಪೋಯಿ, ರೈಟ್ ಪೋಯಿ."
ಅವರು ಪೆನ್ನು ಮುಚ್ಚಿದರು.
"ಜಾರಪ್ಪ, ನಾಳೆಯಿಂದ ನಾನೂ ಹೀಗೇ ಹೇಳುತ್ತೇನೆ."

ಪಕ್ಕದ ಮಂಚ ಸೆಲೆಸ್ತಿನ್‌ಬಾಯಿಯದು. ದೊಡ್ಡ ಕರುಳು. ಕೀಮೋ.
ಕೀಮೋ ಅಂದರೆ ಬಂದ್ ಮಾರಾಯ್ರೇ:
ಕಲ್ಲು ಹೊಡೆಯುವವನಿಗೂ ಬಸ್ಸಿಲ್ಲ, ಬಸುರಿಗೂ ಬಸ್ಸಿಲ್ಲ.
ಅವರದ್ದನ್ನೂ ಪರೀಕ್ಷೆಗೆ ಕಳಿಸಿದ್ದರು.
ಕೆಟ್ಟ ಸೀಟಿ ಬಾಗಿಲಲ್ಲಿಲ್ಲ, ಒಳಗೆಲ್ಲೋ ಎಂಜಿನ್ನಿನ ಹತ್ತಿರ,
ಬಾಗಿಲಿನ ಮದ್ದು ಅಲ್ಲಿಗೆ ಮುಟ್ಟುವುದಿಲ್ಲವಂತೆ.
ನನಗೆ ದಿನಕ್ಕೊಂದು ಮಾತ್ರೆ, ಊಟದ ಜೊತೆ, ತಂಬಿಗೆ ನೀರು.
ಅವರೆದುರು ನುಂಗಲು ನಾಚಿಕೆ.
ಗೋಡೆಗೆ ತಿರುಗಿ ನುಂಗುತ್ತಿದ್ದೆ.

ಮಾತ್ರೆ ಎಂತ ಮಾಡುತ್ತದೆಂದು ನನಗೆ ಗೊತ್ತು.
ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕೈ ತೂರಿಸಿ
ಸೀಟಿನ ಮೇಲೆ ಕರವಸ್ತ್ರ ಇಡುತ್ತಾರಲ್ಲ, ಅದೇ.
ಸೀಟಿಗೆ ಉಸಿರು ಕೊಡುವವನು ಬರುತ್ತಾನೆ,
ನೋಡುತ್ತಾನೆ, ಗೊಣಗುತ್ತಾನೆ,
ನಿಂತೇ ಇರುತ್ತಾನೆ.
ಎಷ್ಟು ಜಗಳ ಬಿಡಿಸಿಲ್ಲ ನಾನು,
"ಬಟ್ಟೆ ಇಟ್ಟರೆ ಸೀಟು ನಿಮ್ಮಪ್ಪನದ್ದಾ?" ಎಂದು ಕಿರುಚಿ!
ಈಗ ದಿನಾ ರಾತ್ರಿ ಆ ಬಟ್ಟೆಯ ಪಕ್ಷ.

ಬೆಳಿಗ್ಗೆ ಕಣ್ಣಿನ ಕೆಳಗೆ ಬಾವು. ಮೀನಖಂಡ ಹಿಡಿಯುತ್ತದೆ.
ಗಡ್ಡೆ ಹೋಗಿಲ್ಲ,
ಶೆಡ್ಡಿಗೆ ಹಾಕಿದ ಬಸ್ಸಿನ ಹಾಗೆ ಮಲಗಿದೆ.
ಎಷ್ಟು ವರ್ಷ ಎಂದು ಕೇಳಿದೆ.
"ಕೆಲವೊಮ್ಮೆ ಸೀಟೇ ಆಕಾರ ಬದಲಿಸುತ್ತದೆ, ಬಟ್ಟೆ ಜಾರುತ್ತದೆ.
ಆಗ ಬೇರೆ ಬಟ್ಟೆ ನೋಡುವ."
ನನ್ನ ಮಾತನ್ನೇ ನನಗೆ ಚಿಲ್ಲರೆ ಕೊಟ್ಟರು.

ಮೊನ್ನೆಯಿಂದ ಪುನಃ ಡ್ಯೂಟಿ. ನೇತ್ರಾವತಿ ಸೇತುವೆ ದಾಟಿ
ಕಲ್ಲಾಪಿನಲ್ಲಿ ಇಳಿಯುವವರಿಲ್ಲ, ಹತ್ತುವವರಿಲ್ಲ.
ಸೆಲೆಸ್ತಿನ್‌ಬಾಯಿ ಕೊಡೆ ಹಿಡಿದು ನಿಲ್ಲುತ್ತಿದ್ದದ್ದು ಇಲ್ಲೇ.
ಒಂದು ಸೀಟಿ ಊದಿದೆ.
ಪುತ್ತುಮೋನು ಕನ್ನಡಿಯಲ್ಲಿ ನೋಡಿದ, "ಯಾರಣ್ಣ?"

ಬಸ್ಸು ನಿಂತಿತು.
ಇದಾದರೂ ಹೇಳಿದ್ದು ಕೇಳುತ್ತದೆ.