ಫ್ಲೆಕ್ಸಿನ ಗುಡಾರ

ಅಂದಿಯೂರಿನ ಸಂತೆಬೀದಿಯಲ್ಲಿ ನನ್ನ ಅಂಗಡಿ.
ರಿಪೇರಿಗೆ ಬಿಟ್ಟವರು ಮರೆತುಹೋದ ಸೈಕಲ್ಲುಗಳು
ಗೋಡೆಗೊರಗಿ ವರ್ಷಗಟ್ಟಲೆ ಕಾಯುತ್ತವೆ
ಆಸ್ಪತ್ರೆ ಬೆಂಚಿನ ಜನರ ಹಾಗೆ.
ಅವುಗಳಲ್ಲಿ ನಾಲ್ಕನ್ನು ಆರಿಸಿ, ಚೈನಿಗೆ ಎಣ್ಣೆ ಬಿಟ್ಟು,
ಪೊಂಗಲ್ ರಜೆಯಲ್ಲಿ, ಕೋಳಿ ಕೂಗುವ ಮುನ್ನ
ಹೊರಟೆವು ಬರಗೂರು ಬೆಟ್ಟಕ್ಕೆ.
ನಾನು, ನಂಜಾಮಣಿ, ಜಡೇಸ್ವಾಮಿ, ಯಾಳಿನಿ.

ಯಾಳಿನಿ ಅನ್ನುವುದು ಶಾಲೆಯ ರಿಜಿಸ್ಟರಿನ ಹೆಸರು.
ನಾಲಿಗೆ ಹೊರಳದ ನಮ್ಮವ್ವ ಸಾಯುವ ತನಕ
ಎಳನೀರು ಅಂತಲೇ ಕರೆದಳು.

ಗುಡಾರ ಕೊಳ್ಳಲು ದುಡ್ಡೆಲ್ಲಿ? ಕಲ್ಯಾಣ ಮಂಟಪದ ಹಿಂದೆ
ಬಿದ್ದಿತ್ತು ಹನ್ನೆರಡಡಿಯ ಫ್ಲೆಕ್ಸು, ಯಾರದೋ ಮದುವೆಯದು.
ತಾರೀಖು ಹರಿದಿತ್ತು. ಗಂಡು ಕೈಮುಗಿದು ನಿಂತಿದ್ದ.
ಹೆಣ್ಣಿನ ಕಣ್ಣು ಕ್ಯಾಮೆರಾದ ಆಚೆ ಇನ್ನೇನನ್ನೋ ನೋಡುತ್ತಿತ್ತು.
ನಂಜಾಮಣಿ ಅಂಚಿಗೆ ಗೋಣಿದಾರದ ಕುಣಿಕೆ ಹೊಲಿದಳು.
'ಮುಖ ಒಳಗಡೆ ಬರಲಿ, ಪಾಪ, ಇಬ್ಬನಿ' ಅಂದಳು.

ಅಣೆಕಟ್ಟು ದಾಟುವ ತನಕ ಸವಾರಿ.
ಆಮೇಲೆ ಬೆಟ್ಟ ನಮ್ಮನ್ನು ಕೆಳಗಿಳಿಸಿತು.
ಮೊದಲ ತಿರುವಿನಲ್ಲಿ ಮಗ ನಿಂತು ತುಳಿದ,
ಎರಡರಲ್ಲಿ ಚೈನು ಕಳಚಿತು,
ಮೂರರ ಹೊತ್ತಿಗೆ ನಾಲ್ಕೂ ಜನ ನೆಲದ ಮೇಲೆ,
ಸಂತೆಯಲ್ಲಿ ಕೊಂಡ ಹಠಮಾರಿ ಕರುಗಳನ್ನು
ಮನೆಗೆ ಎಳೆದೊಯ್ಯುವವರ ಹಾಗೆ.
ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ಬಗ್ಗಿ 'ಪಂಚರಾ?' ಅಂದ.
'ಅಲ್ಲ, ರಜಾ!' ಎಂದು ಕೂಗಿದಳು ಮಗಳು.

ತಾಮರೆಕೆರೆ ದಾಟಿದ ಮೇಲೆ ಒಂದು ದನದ ದೊಡ್ಡಿ.
ಕೆಂಪು ಮೈಗೆ ಸುಣ್ಣ ಸಿಡಿದಂಥ ಹಸುಗಳು.
ದೊಡ್ಡಿಯ ಮಸಣಯ್ಯ ನಮ್ಮನ್ನು ನೋಡಿದ, ಸೈಕಲ್ಲು ನೋಡಿದ:
'ಇವು ನಿಮ್ಮ ಹೊತ್ಕಂಡ್ ಬಂದ್ವೋ, ನೀವು ಇವ್ನ ಹೊತ್ಕಂಡ್ ಬಂದ್ರೋ?'
ನಕ್ಕ. ಆಮೇಲೆ ನಗದೆ ಹೇಳಿದ:
'ಆನೆ ಓಡಾಡ್ತವೆ. ಇಲ್ಲೇ, ಬೇಲಿ ಪಕ್ಕ ಮನಿಕ್ಕಳಿ.'

ರಾಗಿ ಮುದ್ದೆ ಅವನದು, ಉಪ್ಪಿನಕಾಯಿ ನಮ್ಮದು.
ಟಾರ್ಚು ಹಾಕಿದರೆ ತಲೆಯ ಮೇಲೆ ತಲೆಕೆಳಗಾಗಿ ಮದುಮಕ್ಕಳು.
'ಇವರೂ ಜಗಳ ಆಡ್ತಾರಾ?' ಮಗಳ ಪ್ರಶ್ನೆ.
'ತಾರೀಖು ಗೊತ್ತಿದ್ದರೆ ಹೇಳಬಹುದಿತ್ತು'
ಎಂದಳು ನಂಜಾಮಣಿ, ನನ್ನ ಕಡೆ ತಿರುಗದೆ.

ನಡುರಾತ್ರಿ ದನಗಳ ಕೊರಳಗಂಟೆ
ಎಲ್ಲವೂ ಒಟ್ಟಿಗೆ ನಿಂತವು.

ಯಾರೂ ಏಳಲಿಲ್ಲ. ಯಾರೂ ಮಲಗಿರಲಿಲ್ಲ.
ಕೆಳಗೆಲ್ಲೋ ಬಿದಿರು ಮುರಿಯಿತು, ನಿಧಾನವಾಗಿ,
ಅವಸರವಿಲ್ಲದವರು ಮುರಿಯುವ ಹಾಗೆ.
ಮಸಣಯ್ಯ ಎಣ್ಣೆಡಬ್ಬ ಬಡಿದ, ಕೆಮ್ಮಿದ, ಮತ್ತೆ ಬಡಿದ.
ಹತ್ತನೇ ಕ್ಲಾಸಿನ ಫೇಲಾದ ದಿನದಿಂದ
ನನ್ನ ಜೊತೆ ಮಾತು ಬಿಟ್ಟಿದ್ದ ಜಡೇಸ್ವಾಮಿ
ಕಾಲು ತಂದು ನನ್ನ ಕಾಲ ಮೇಲೆ ಹಾಕಿದ.
ಒಂದು ಗಂಟೆ ಅಲುಗಿತು. ಆಮೇಲೆ ಇನ್ನೊಂದು.
ಅವನು ಕಾಲು ತೆಗೆಯಲಿಲ್ಲ. ಜೋಮು ಹಿಡಿಯಿತು,
ನಾನೂ ಅಲುಗಲಿಲ್ಲ.

ಬೆಳಿಗ್ಗೆ ಇಳಿಜಾರು.
'ಹಿಂದಿನ ಬ್ರೇಕು ಹಿಡಿ, ಮುಂದಿನದು ಬೇಡ' ಎಂದೆ.
ಆ ನಾಲ್ಕು ಸೈಕಲ್ಲಿನ ಬ್ರೇಕುಗಳ ವಯಸ್ಸು ಬಲ್ಲವನು ನಾನು.
ನಂಜಾಮಣಿ ಸೆರಗು ಸಿಕ್ಕಿಸಿದಳು,
ಎರಡೂ ಕಾಲು ಪೆಡಲಿನಿಂದ ಎತ್ತಿ ಹೋಗಿಯೇಬಿಟ್ಟಳು.
ಒಲೆಯ ಮುಂದೆ, ಬಚ್ಚಲಲ್ಲಿ, ಬಸ್ಸಿನ ಸೀಟಿನಲ್ಲಿ
ಹದಿನೇಳು ವರ್ಷದಿಂದ ಕಂಡ ಬೆನ್ನು
ಅದಲ್ಲ. ಇದು ಯಾರದೋ ಬೆನ್ನು,
ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲಿ ಮರೆಯಾಯಿತು.
ಗಂಟೆಯ ಸದ್ದು ಮಾತ್ರ ಮೇಲೆ ಬಂತು, ಕಿಣಿಕಿಣಿ,
ಎದುರಿಗೆ ಯಾರೂ ಇರದಿದ್ದರೂ.

ಸೈಕಲ್ಲುಗಳು ಮತ್ತೆ ಗೋಡೆಗೆ ಒರಗಿವೆ.
ಮೊನ್ನೆ ಒಬ್ಬ ಬೈಕಿಗೆ ಗಾಳಿ ಹೊಡೆಸಲು ಬಂದ,
ಟ್ಯಾಂಕಿನ ಮೇಲೆ ಎರಡು ವರ್ಷದ ಮಗು.
ಎಲ್ಲೋ ನೋಡಿದ್ದೇನಲ್ಲ ಅಂದುಕೊಂಡು
ತಲೆ ವಾರೆ ಮಾಡಿ ನೋಡಿದೆ. ಅವನೇ.
'ಏನಣ್ಣಾ ಹಾಗೆ ನೋಡ್ತೀರಿ?'
ನಿನ್ನ ಕೆಳಗೆ ಒಂದು ರಾತ್ರಿ ಮಲಗಿದ್ದೆವು ಎಂದು
ಹೇಗೆ ಹೇಳುವುದು?
ಹಿಂದಿನ ಚಕ್ರಕ್ಕೂ ಹೊಡೆದೆ.
ದುಡ್ಡು ಬೇಡವೆಂದೆ.