ರಾತ್ರಿ ಹನ್ನೊಂದರ ವಾಸನೆ

ಉಜ್ಜಬೇಡಿ ಮೇಡಂ, ಅನ್ನುತ್ತೇನೆ ದಿನಕ್ಕೆ ನಲವತ್ತು ಸಲ.
ಉಜ್ಜಿದರೆ ಮುರಿಯುತ್ತದೆ.
ಏನು ಮುರಿಯುತ್ತದೆ ಎಂದು ಇದುವರೆಗೆ ಯಾರೂ ಕೇಳಿಲ್ಲ,
ಕೇಳಿದ್ದರೆ ನನಗೂ ಗೊತ್ತಿಲ್ಲ.
ಟ್ರೇನಿಂಗಿನಲ್ಲಿ ಹಾಗೆ ಹೇಳಿಕೊಟ್ಟಿದ್ದಾರೆ.

ಹತ್ತೂವರೆಗೆ ಮಾಲಿನ ಷಟರ್ ಏಳುತ್ತದೆ.
ಎಡ ಮಣಿಕಟ್ಟಿಗೆ ಒಂದೇ ಒಂದು ಸಲ ಒತ್ತುತ್ತೇನೆ
ನನ್ನ ಎರಡು ತಿಂಗಳ ಸಂಬಳದ ಬಾಟಲಿಯನ್ನು.
ಮೊದಲು ಬರುವುದು ಬರೀ ಗಲಾಟೆ:
ಕಣ್ಣಿಗೆ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ,
ಹಿಂದೆಯೇ ಮೆಣಸು, ಸ್ಪಿರಿಟ್ಟು,
ಮದುವೆ ಮನೆಗೆ ಎಲ್ಲರಿಗಿಂತ ಮೊದಲು ಬಂದಿಳಿಯುವ
ದೂರದ ನೆಂಟರ ಸಡಗರ.
ಹತ್ತು ನಿಮಿಷ.
ಅಷ್ಟರಲ್ಲೇ ಜನ ಕಾರ್ಡು ಉಜ್ಜುತ್ತಾರೆ
(ಅದನ್ನು ಉಜ್ಜಲು ಅಡ್ಡಿಯಿಲ್ಲ).

ಊಟದ ಹೊತ್ತಿಗೆ ಪಾಕಕ್ಕೆ ಬರುತ್ತದೆ.
ಮೈಯೇ ಒಲೆ, ಸಣ್ಣ ಉರಿ.
ಮೊದಲು ನೀರು ನೀರು, ಆಮೇಲೆ ಒಂದೆಳೆ,
ಬೆರಳಿಗೆ ಬೆರಳು ತಾಗಿಸಿ ಬಿಟ್ಟರೆ ನೂಲು ಬರುವ ಹದ.
ಜೇನು, ಗುಲಾಬಿ, ಒಣದ್ರಾಕ್ಷಿ, ಒಂದೆರಡು ಎಸಳು ಕೇಸರಿ,
ತಳ ಹಿಡಿಯದಂತೆ ತಿರುವುತ್ತಾ ಕೂತ ವೆನಿಲ್ಲಾ.
ಸ್ಟಾಕ್ ರೂಮಿನಲ್ಲಿ ಡಬ್ಬಿ ಬಿಚ್ಚಿದ ಜಬೀನ್
'ನನ್ನ ಉಪ್ಪಿನಕಾಯಿಗೂ ನಿನ್ನ ಕೈಗೂ ಜಗಳ,
ಆ ಕಡೆ ಕೂತ್ಕೊ' ಅನ್ನುತ್ತಾಳೆ.
ಅವಳ ಮೈಮೇಲೆ ಇದೇ ಬಾಟಲಿ ಸುಟ್ಟ ಸಕ್ಕರೆ,
ನನ್ನ ಮೇಲೆ ಯಾಕೋ ಹಳೇ ಬೀರು.
ಒಂದೇ ಹಾಲು, ಮನೆಗೊಂದು ಮೊಸರು.

ಹೋದ ವಾರ ಒಬ್ಬರು ಬಂದಿದ್ದರು, ಇಂದುಮತಿ ಅಂತ,
ಹನುಮಂತನಗರದವರು, ಹತ್ತಿ ಸೀರೆ, ಬಟ್ಟೆ ಚೀಲ.
ಮೂರು ದಿನ ಬಿಡದೆ ಬಂದು
ಒಂದೊಂದು ಸಲ ಹಾಕಿಸಿಕೊಂಡು ಹೋದರು.
ಮ್ಯಾನೇಜರ್ ದೂರದಿಂದಲೇ ಕೆಮ್ಮಿದ.
ಮೂರನೇ ದಿನ ಕೌಂಟರಿಗೆ ಬಾಗಿ, ಮೆಲ್ಲಗೆ:
'ಈ ಬೆಳಗಿನದ್ದು ಬೇಡಮ್ಮ ನಂಗೆ.
ರಾತ್ರಿ ಹನ್ನೊಂದಕ್ಕೆ, ದೀಪ ಆರಿಸಿದ ಮೇಲೆ,
ದಿಂಬಿನ ಪಕ್ಕ ಏನೋ ಒಂದು ಬರತ್ತಲ್ಲ,
ಅದಷ್ಟೇ ಬೇರೆ ಬಾಟಲಲ್ಲಿ ಸಿಗತ್ತಾ?'

ಇಲ್ಲ ಮೇಡಂ.
ಅದಕ್ಕೆ ಇಡೀ ದಿನ ತೊಟ್ಟುಕೊಂಡೇ ಇರಬೇಕು.

'ಹಾಗಿದ್ರೆ ನಾಳೆ ಬರ್ತೀನಿ' ಎಂದು ನಕ್ಕರು.
ಬರಲಿಲ್ಲ.

ಮೆಜೆಸ್ಟಿಕ್ಕಿನಲ್ಲಿ ಹಸಿರು ಲೈನಿಗೆ ಬದಲಿಸಿ
ಹಿಡಿಕೆಗೆ ಜೋತುಬಿದ್ದಾಗ
ನನ್ನ ತೋಳಿನ ಕೆಳಗೆ ಕೂತ ಹುಡುಗ
ನಿದ್ದೆಗಣ್ಣಲ್ಲೇ ಮುಖ ಮೇಲೆತ್ತುತ್ತಾನೆ,
ಅಡುಗೆಮನೆಯಿಂದ ಯಾರೋ ಕರೆದ ಹಾಗೆ.

ಶ್ರೀರಾಂಪುರ. ಅಮ್ಮ ಮೂವತ್ತು ವರ್ಷ ಅಗರಬತ್ತಿ ಹೊಸೆದವಳು.
ನಿಮ್ಮ ಮನೆ ಘಮ ಘಮ ಅಂತಿರಬೇಕು ಅಲ್ವಾ,
ಎಂದು ಸ್ಕೂಲಿನಲ್ಲಿ ಕೇಳುತ್ತಿದ್ದರು.
ಇಲ್ಲ. ಪರಿಮಳ ಬೆರೆಸುವುದು ಫ್ಯಾಕ್ಟರಿಯಲ್ಲಿ.
ನಮ್ಮ ಹೊಸ್ತಿಲಿಗೆ ಬರುತ್ತಿದ್ದದ್ದು ಇದ್ದಿಲ ಪುಡಿ, ಜಿಗಟು,
ಬಿದಿರು ಕಡ್ಡಿ, ಸಾವಿರಕ್ಕೆ ಇಷ್ಟೆಂಬ ಲೆಕ್ಕ.
ಬತ್ತಿಗೆ ಗಂಧ ಬರುತ್ತಿದ್ದದ್ದು
ನಮ್ಮ ಬೀದಿ ದಾಟಿದ ಮೇಲೆ.

ಹನ್ನೊಂದು. ದೀಪ ಆರಿಸಿ ಚಾಪೆಗೆ ಬಂದರೆ
ಅಮ್ಮ ನನ್ನ ಕೈ ಎಳೆದು ಮೂಗಿಗೆ ಹಿಡಿಯುತ್ತಾಳೆ.
ಸಕ್ಕರೆ ಇಳಿದುಹೋಗಿದೆ. ನೆಂಟರೆಲ್ಲ ಹೊರಟಾಗಿದೆ.
ಉಳಿದದ್ದು ಮರ, ರಾಳ, ಒಂದಿಷ್ಟು ಸಾಂಬ್ರಾಣಿ,
ದಿನವಿಡೀ ನಿಂತ ಮೈಯ ಉಪ್ಪು.
'ಇದರಲ್ಲಿ ಇದ್ದಿಲು ಇದೆ ಕಣೇ,'
ಕಳ್ಳಲೆಕ್ಕ ಹಿಡಿದವಳ ದನಿ.
ಮತ್ತೊಮ್ಮೆ ಮೂಸಿ, 'ಬಾಟಲಿಗೆಷ್ಟು?'

ಹೇಳುತ್ತೇನೆ.

ಬೆರಳು ಮಡಿಸುತ್ತಾ, ಸಾವಿರ ಕಡ್ಡಿಯ ಲೆಕ್ಕದಲ್ಲಿ
ಏನನ್ನೋ ಗುಣಿಸುತ್ತಾ, ನಡುವೆಯೇ ನಿದ್ದೆ ಹೋಗುತ್ತಾಳೆ
ನನ್ನ ಮಣಿಕಟ್ಟು ಬಿಡದೆ.
ಅವಳ ಹೆಬ್ಬೆರಳಿಗೆ ಮಾತ್ರ ನಿದ್ದೆ ತಿಳಿಯದು:
ಹೊಸೆಯುವ ಅಭ್ಯಾಸ,
ನನ್ನ ಚರ್ಮವನ್ನು ಮುಂದಕ್ಕೆ, ಹಿಂದಕ್ಕೆ,
ಮುಂದಕ್ಕೆ
ಉಜ್ಜುತ್ತಲೇ ಇರುತ್ತದೆ.